ಇಳಿವಯಸ್ಸಿನಲ್ಲಿ ಹಲ್ಲಿನ ಸಾಲು ಸರಿಪಡಿಸಬಹುದೇ?

ಮುದ್ದೆ ನುಂಗುವುದಕ್ಕೆ ಹಲ್ಲೇಕೆ ಎಂದು ಹೆಗ್ಗಡದೇವನಕೋಟೆ ಸೀಮೆಯ ಹಿರಿಯರು ನಗುವುದುಂಟು. ಮುದ್ದೆಯ ಮಟ್ಟಿಗೆ ಈ ಮಾತು ನಿಜ; ಅವರೆಕಾಳು, ಕಡಲೆ, ಸೌತೆಕಾಯಿಗಳ ವಿಷಯದಲ್ಲಿ ನಡೆಯದು. ಅರವತ್ತು ದಾಟಿದವರಲ್ಲಿ ಮುಂದಿನ ಹಲ್ಲುಗಳು ಒಂದನ್ನೊಂದು ಬಿಟ್ಟು ಮುಂಚಾಚುವುದನ್ನೂ, ದವಡೆಹಲ್ಲೊಂದನ್ನು ಕೀಳಿಸಿದ ಮೇಲೆ ಪಕ್ಕದ್ದು ಆ ಖಾಲಿ ಜಾಗಕ್ಕೆ ವಾಲುವುದನ್ನೂ ಅನೇಕ ಮನೆಗಳಲ್ಲಿ ಕಾಣುತ್ತೇವೆ. "ಎಲ್ಲವನ್ನೂ ಕೀಳಿಸಿ ಸೆಟ್ಟು ಹಾಕಿಸಿಬಿಡೋಣ" ಎಂದು ಮಕ್ಕಳು ಹೇಳಿದರೆ ತಂದೆತಾಯಿಗಳು ತಲೆದೂಗುತ್ತಾರೆ. ಇದು ಆತುರದ ತೀರ್ಮಾನ. ಹಲ್ಲಿಲ್ಲದ ದವಡೆಯ ಮೂಳೆ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಇಂದು ಬಿಗಿಯಾಗಿ ಕೂತ ಸೆಟ್ಟು ನಾಳೆ ಸಡಿಲವಾಗುತ್ತದೆ.

ಹಲ್ಲು ಸರಿಸುವ ಚಿಕಿತ್ಸೆ ಶಾಲಾಮಕ್ಕಳಿಗೆ ಮಾತ್ರವೆಂಬ ಭಾವನೆಯೂ ಸರಿಯಲ್ಲ. ಹಲ್ಲಿನ ಮೇಲೆ ಮೆಲ್ಲನೆ ಒತ್ತಡ ಬಿದ್ದಾಗ ಒತ್ತಿದ ಬದಿಯಲ್ಲಿ ಮೂಳೆ ಕರಗಿ, ಹಿಂಬದಿಯಲ್ಲಿ ಹೊಸ ಮೂಳೆ ಬೆಳೆಯುತ್ತದೆ. ಮುಪ್ಪಿನಲ್ಲಿ ಈ ಕ್ರಿಯೆ ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ.

ಈ ವಯಸ್ಸಿನಲ್ಲಿ ಕ್ಲಿಪ್ಪು ಹಾಕಿಸಿಕೊಳ್ಳುವುದೇ ಎಂಬ ಸಂಕೋಚ ಸಹಜ. 1997ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಅಲೈನ್ ಟೆಕ್ನಾಲಜಿ ಸಂಸ್ಥೆಯು ತಂತಿಯಿಲ್ಲದ ಪಾರದರ್ಶಕ ಅಲೈನರ್‌ಗಳನ್ನು ಕಂಪ್ಯೂಟರಿನ ನೆರವಿನಿಂದ ರೂಪಿಸಿ ಬಳಕೆಗೆ ತಂದಿತು. ಬಾಯಿಗೆ ಅಂಟಿನಂತಹ ಮುದ್ದೆ ತುಂಬಿ ಅಚ್ಚು ತೆಗೆಯುವ ಬದಲು, ಪುಟ್ಟ ಸ್ಕ್ಯಾನರ್ ಕೆಲವೇ ನಿಮಿಷಗಳಲ್ಲಿ ಹಲ್ಲುಗಳ ಪೂರ್ಣ ಚಿತ್ರವನ್ನು ಪರದೆಯ ಮೇಲೆ ಮೂಡಿಸುತ್ತದೆ. ವಾಕರಿಕೆಗೆ ಅಂಜುವ ವೃದ್ಧರಿಗೆ ಇದೊಂದೇ ದೊಡ್ಡ ಉಪಕಾರ! ಪ್ರತಿಯೊಂದು ಅಲೈನರ್ ಹಲ್ಲನ್ನು ಸುಮಾರು ಕಾಲು ಮಿಲಿಮೀಟರಿನಷ್ಟು ಸರಿಸುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಂದನ್ನು ಬದಲಿಸುತ್ತಾ, ದಿನಕ್ಕೆ 20ರಿಂದ 22 ಗಂಟೆ ಧರಿಸಬೇಕು. ಊಟಕ್ಕೆ ಮಾತ್ರವಲ್ಲ, ಬಿಸಿ ಕಾಫಿಗೂ ತೆಗೆದಿಡಬೇಕು. ಇಲ್ಲವಾದರೆ ಪ್ಲಾಸ್ಟಿಕ್ಕು ಸೊಟ್ಟಗಾಗುತ್ತದೆ. ಮರೆವು ಹೆಚ್ಚಿದವರಿಗೆ ಇದು ಹೇಳಿದ ಚಿಕಿತ್ಸೆಯಲ್ಲ. ಖರ್ಚೂ ತಂತಿಗಿಂತ ಸಾಮಾನ್ಯವಾಗಿ ಹೆಚ್ಚು.

ಎಲ್ಲಕ್ಕಿಂತ ಮುಖ್ಯವಾದುದು ಒಸಡು. ಹಿರಿಯರ ಹಲ್ಲು ಜಾಗ ಬಿಟ್ಟು ಸರಿಯುವುದಕ್ಕೆ ಬಹುಸಾರಿ ಒಸಡಿನ ರೋಗವೇ ಮೂಲ. ರೋಗ ಹಾಗೆಯೇ ಇರುವಾಗ ಹಲ್ಲನ್ನು ತಳ್ಳಿದರೆ ಉಳಿದ ಮೂಳೆಯೂ ಹೋಗುತ್ತದೆ. ನಮ್ಮ ಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಹೊಲಗಳು ಹೊಗೆಸೊಪ್ಪಿಗೆ ಹೆಸರಾದವು. ಅದು ಹೊಲದಲ್ಲಿ ಬೆಳೆದು ಸಂತೆಗೆ ಹೋದರೆ ಸಂಸಾರ ನಡೆಯುತ್ತದೆ. ಎಲೆ ಅಡಿಕೆಯೊಡನೆ ಬಾಯಿಗೆ ಬಂದರೆ ಒಸಡು ಹಾಳಾಗುತ್ತದೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಮೂಳೆ ಸವೆತಕ್ಕೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳುತ್ತಿರುವವರು, ವಿಶೇಷವಾಗಿ ತಾಯಂದಿರು, ವೈದ್ಯರಿಗೆ ಮೊದಲೇ ತಿಳಿಸಬೇಕು. ಅಂತಹ ಕೆಲವು ಔಷಧಿಗಳಿಂದ ಹಲ್ಲಿನ ಚಲನೆ ಕುಂಠಿತವಾಗುತ್ತದೆ. ಹಲ್ಲು ಕಿತ್ತ ಗಾಯ ಮಾಯದೆ ಉಳಿಯುವ ಭಯವೂ ಉಂಟು.

ಕೋಟೆಯಿಂದ ಸುಮಾರು 50 ಕಿಲೋಮೀಟರ್ ದೂರದ ಮೈಸೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಜೆ.ಎಸ್.ಎಸ್. ದಂತ ಮಹಾವಿದ್ಯಾಲಯದ ಆಸ್ಪತ್ರೆಯಿದೆ. ಒಸಡಿಗೂ ಹಲ್ಲಿನ ಸಾಲಿಗೂ ಅಲ್ಲಿ ಪ್ರತ್ಯೇಕ ವಿಭಾಗಗಳಿವೆ. ಹಿರಿಯರನ್ನು ಕರೆದೊಯ್ಯುವವರು ಮೊದಲು ಒಸಡಿನ ವಿಭಾಗದಲ್ಲಿ ತೋರಿಸುವುದು ಒಳಿತು. ಹಲವರಿಗೆ ಹಲ್ಲು ಶುಚಿಗೊಳಿಸಿ ಒಸಡನ್ನು ಗಟ್ಟಿಮಾಡಿದರೆ ಸಾಕಾಗಬಹುದು. ಅಲೈನರ್ ಬೇಕೇ, ತಂತಿಯೇ ಸಾಕೇ ಎಂಬುದು ಅನಂತರದ ಮಾತು. ಚಿಕಿತ್ಸೆ ಮುಗಿದ ಬಳಿಕವೂ ಹಲ್ಲು ಹಿಂದಕ್ಕೆ ಸರಿಯದಂತೆ ತಡೆಯುವ ರಿಟೇನರನ್ನು ರಾತ್ರಿಯ ಹೊತ್ತು ಬಹುಕಾಲ ಧರಿಸಬೇಕೆಂಬುದನ್ನು ಹೊರಡುವ ಮುನ್ನವೇ ಮನೆಯವರೆಲ್ಲ ತಿಳಿದಿರಬೇಕು.