ಗುರುಕಾಣಿಕೆ: ಏನು? ಎಷ್ಟು? ಎಂದು?

ಪರೀಕ್ಷೆಯ ಗದ್ದಲ ಅಡಗಿ, ಮಕ್ಕಳು ಬೇಸಿಗೆಯ ರಜದ ಕನಸು ಕಾಣತೊಡಗುವ ಹೊತ್ತಿಗೆ ನಗರದ ಅನೇಕ ಮನೆಗಳಲ್ಲಿ ಒಂದು ಸಣ್ಣ ಪ್ರಶ್ನೆ ತಲೆಯೆತ್ತುತ್ತದೆ. “ಅಮ್ಮಾ, ನಮ್ಮ ಮಿಸ್ಸಿಗೆ ಏನು ಕೊಡೋಣ? ನನ್ನ ಪಕ್ಕ ಕೂರುವವಳು ರೇಷ್ಮೆ ಸೀರೆ ಕೊಡುತ್ತಾಳಂತೆ!” ಎಂದು ಮಗಳು ಕೇಳುತ್ತಾಳೆ. ತಾಯಿ ತಂದೆಯ ಮುಖ ನೋಡುತ್ತಾಳೆ. ತಂದೆ ತಿಂಗಳ ಲೆಕ್ಕವನ್ನು ನೋಡುತ್ತಾನೆ. ಯುಗಾದಿಯ ಬಟ್ಟೆಬರೆಯ ಖರ್ಚು ಈಗಷ್ಟೇ ಆಗಿದೆ. ಮುಂದಿನ ತರಗತಿಯ ಶುಲ್ಕ, ಪುಸ್ತಕ, ಸಮವಸ್ತ್ರ, ಬೂಟುಗಳ ಪಟ್ಟಿ ಆಗಲೇ ಕೈಸೇರಿದೆ. ಇವುಗಳ ನಡುವೆ ಉಪಾಧ್ಯಾಯಿನಿಯ ಉಡುಗೊರೆಗೆ ಎಷ್ಟು ಹಣ ತೆಗೆದಿಡುವುದು?

ಪ್ರಶ್ನೆ ಸಣ್ಣದೆಂದು ತೋರಿದರೂ ಅದರೊಳಗೆ ಮೂವರ ಮರ್ಯಾದೆ ಅಡಗಿದೆ. ಕೊಡುವ ಮನೆಯವರದು ಒಂದು. ಪಡೆಯುವ ಗುರುವಿನದು ಇನ್ನೊಂದು. ಏನನ್ನೂ ಕೊಡಲಾರದೆ ಅದೇ ತರಗತಿಯ ಮೂಲೆಯಲ್ಲಿ ತಲೆತಗ್ಗಿಸಿ ಕುಳಿತ ಮಗುವಿನದು ಮೂರನೆಯದು. ಈ ಮೂರನ್ನೂ ಕಾಯುವ ಕಾಣಿಕೆಯೇ ಒಳ್ಳೆಯ ಕಾಣಿಕೆ. ಅದಕ್ಕೆ ಹೆಚ್ಚು ಹಣ ಬೇಕಿಲ್ಲ. ಸ್ವಲ್ಪ ವಿವೇಕ ಬೇಕು.

ಕಾಣಿಕೆಯೇ, ಮುಯ್ಯಿಯೇ?

ನಮ್ಮ ಜನರು ಕೊಡುವ ಕೈಯನ್ನು ಬಹಳ ಸೂಕ್ಷ್ಮವಾಗಿ ಗಮನಿಸಿದವರು. ಮದುವೆಯ ಮನೆಯಲ್ಲಿ ಕೊಡುವುದು ಮುಯ್ಯಿ. ಇಂದು ಕೊಟ್ಟದ್ದು ನಾಳೆ ಮತ್ತೊಂದು ರೂಪದಲ್ಲಿ ಹಿಂದಿರುಗಿ ಬರಬೇಕೆಂಬ ಲೆಕ್ಕ ಅದರಲ್ಲಿದೆ. ದೇವರಿಗೂ ಗುರುವಿಗೂ ಒಪ್ಪಿಸುವುದು ಕಾಣಿಕೆ. ಅದರಲ್ಲಿ ಹಿಂದಿರುಗುವ ಲೆಕ್ಕವಿಲ್ಲ. ಶಾಲೆಯ ಬಾಗಿಲಿಗೆ ಮುಯ್ಯಿಯನ್ನು ಹೊತ್ತು ತಂದರೆ ಅಂಕಗಳ ಪಟ್ಟಿಗೂ ಉಡುಗೊರೆಯ ಪೊಟ್ಟಣಕ್ಕೂ ಏನೋ ನಂಟಿದೆಯೆಂಬ ಸಂಶಯ ಹುಟ್ಟುತ್ತದೆ. ಆ ಸಂಶಯ ಮೊದಲು ಹುಟ್ಟುವುದು ಮಕ್ಕಳ ಮನಸ್ಸಿನಲ್ಲಿಯೇ.

ಗುರುದಕ್ಷಿಣೆಯ ಹಳೆಯ ಕಥೆಗಳಲ್ಲಿಯೂ ಈ ಎಚ್ಚರ ಉಂಟು. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಕೌತ್ಸನೆಂಬ ಶಿಷ್ಯನ ಪ್ರಸಂಗ ಬರುತ್ತದೆ. ವಿದ್ಯೆ ಮುಗಿಸಿದ ಕೌತ್ಸನು ದಕ್ಷಿಣೆ ಏನು ಕೊಡಲೆಂದು ಕೇಳಿದಾಗ, ಇಷ್ಟು ಕಾಲ ಮಾಡಿದ ಭಕ್ತಿಯ ಸೇವೆಯೇ ಸಾಕೆಂದು ಗುರು ವರತಂತು ಹೇಳಿಬಿಡುತ್ತಾನೆ. ಶಿಷ್ಯನು ಬಿಡದೆ ಮತ್ತೆ ಮತ್ತೆ ಪೀಡಿಸಲು, ಗುರುವಿಗೆ ಸಿಟ್ಟು ಬಂದು, ಕಲಿಸಿದ ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಹೊನ್ನು ತರುವಂತೆ ಆಜ್ಞಾಪಿಸುತ್ತಾನೆ. ಬಡ ಶಿಷ್ಯನು ರಘು ಮಹಾರಾಜನ ಬಾಗಿಲಿಗೆ ಹೋಗುತ್ತಾನೆ. ರಾಜನಾದರೋ ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿ, ಅತಿಥಿಗೆ ಅರ್ಘ್ಯ ಕೊಡಲು ಮಣ್ಣಿನ ಪಾತ್ರೆಯನ್ನಷ್ಟೇ ಉಳಿಸಿಕೊಂಡಿದ್ದಾನೆ! ಕಡೆಗೆ ಕುಬೇರನ ಹೊನ್ನು ಬಂದು ಕೌತ್ಸನ ಮಾನ ಉಳಿಯಿತು. ನಮ್ಮ ಮಧ್ಯಮವರ್ಗದ ಮನೆಗಳಿಗೆ ಕುಬೇರನು ಬರುವ ಸಂಭವ ಕಡಿಮೆ. ಆದುದರಿಂದ ವರತಂತುವಿನ ಮೊದಲ ಮಾತನ್ನು ಒಪ್ಪಿಕೊಳ್ಳುವುದೇ ಕ್ಷೇಮ.

ಹಣವಿಲ್ಲದ ದೊಡ್ಡ ಕಾಣಿಕೆಗಳು

ಕನ್ನಡನಾಡಿನ ನೆನಪಿನಲ್ಲಿ ಉಳಿದಿರುವ ಗುರುಕಾಣಿಕೆಗಳನ್ನು ಎಣಿಸಿದರೆ ಅವುಗಳಲ್ಲಿ ಬೆಲೆಬಾಳುವ ವಸ್ತುಗಳು ಕಾಣುವುದಿಲ್ಲ. ಡಾಕ್ಟರ್ ಸರ್ವೇಪಲ್ಲಿ ರಾಧಾಕೃಷ್ಣನ್ ಅವರು ೧೯೧೮ರಿಂದ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ೧೯೨೧ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯಕ್ಕೆ ಹೊರಟುನಿಂತಾಗ ಅವರ ವಿದ್ಯಾರ್ಥಿಗಳು ಸಾರೋಟನ್ನು ಹೂವಿನಿಂದ ಸಿಂಗರಿಸಿ, ಕುದುರೆಗಳ ಬದಲು ತಾವೇ ಅದನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅಂದು ತಗುಲಿದ ಖರ್ಚು ಹೂವಿನದಷ್ಟೇ. ನೂರು ವರ್ಷ ಕಳೆದರೂ ಮೈಸೂರು ಅದನ್ನು ಮರೆತಿಲ್ಲ. ಅದೇ ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾದ ೧೯೬೨ರಿಂದ ಅವರ ಹುಟ್ಟುಹಬ್ಬವಾದ ಸೆಪ್ಟೆಂಬರ್ ೫ ದೇಶಕ್ಕೆಲ್ಲ ಶಿಕ್ಷಕರ ದಿನವಾಯಿತು.

ಕುವೆಂಪು ಅವರು ತಮ್ಮ ಮಹಾಕಾವ್ಯವಾದ ಶ್ರೀ ರಾಮಾಯಣ ದರ್ಶನಂ ಅನ್ನು ಅರ್ಪಿಸಿದ್ದು ತಮ್ಮ ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. ಆ ಕಾವ್ಯ ಅಚ್ಚಾಗುವ ಹೊತ್ತಿಗೆ ವೆಂಕಣ್ಣಯ್ಯನವರು ತೀರಿಕೊಂಡು ಹಲವು ವರ್ಷಗಳಾಗಿದ್ದುವು. ಪಡೆಯುವ ಕೈ ಇಲ್ಲದಿದ್ದರೂ ಕೊಡುವ ಕೈ ಹಿಂದೆಗೆಯಲಿಲ್ಲ.

ಹಿಂದಿನ ಕೂಲಿಮಠಗಳ ಮಾತೂ ಹೀಗೆಯೇ. ಅಲ್ಲಿ ಕಲಿಸುತ್ತಿದ್ದ ಐಗಳಿಗೆ ಸಂಬಳವೆಂಬುದು ಊರವರು ಅಳೆದುಕೊಟ್ಟ ದವಸವೇ. ಮಹಾನವಮಿ ಬಂದಿತೆಂದರೆ ಹುಡುಗರು ಹೊಸ ಬಟ್ಟೆ ತೊಟ್ಟು, ಐಗಳ ಹಿಂದೆ ಸಾಲಾಗಿ ಮನೆಮನೆಗೂ ಹೋಗಿ ಚೌಪದ ಹಾಡುತ್ತಿದ್ದರು. ಮನೆಯವರು ತಮ್ಮ ಶಕ್ತಿಗೆ ತಕ್ಕಷ್ಟು ಕೊಡುತ್ತಿದ್ದರು. ಹಾಡಿದ್ದು ಎಲ್ಲ ಹುಡುಗರೂ ಸೇರಿ. ಆದಕಾರಣ ಕಾಣಿಕೆಯೂ ಎಲ್ಲರ ಹೆಸರಿನಲ್ಲಿಯೇ ಸೇರುತ್ತಿತ್ತು. ಯಾವ ಹುಡುಗನ ತಂದೆ ಎಷ್ಟು ಕೊಟ್ಟನೆಂಬುದು ದೊಡ್ಡ ಮಾತಾಗುತ್ತಿರಲಿಲ್ಲ.

ಮೊದಲು ಮೂರು ನಿಯಮ

ಉಡುಗೊರೆಯ ಅಂಗಡಿಗೆ ಹೋಗುವ ಮುನ್ನ ತಂದೆತಾಯಿಗಳು ಮೂರು ಸಂಗತಿಗಳನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು, ಶಾಲೆಯ ನಿಯಮ. ಸರ್ಕಾರಿ ಶಾಲೆಯ ಉಪಾಧ್ಯಾಯರು ಸರ್ಕಾರಿ ನೌಕರರು. ಅವರು ಬೆಲೆಯುಳ್ಳ ಉಡುಗೊರೆಗಳನ್ನು ಸ್ವೀಕರಿಸುವುದಕ್ಕೆ ನಡತೆಯ ನಿಯಮಗಳು ಮಿತಿ ಹಾಕಿವೆ. ಅನೇಕ ಖಾಸಗಿ ಶಾಲೆಗಳೂ ಉಡುಗೊರೆಗಳನ್ನು ನಿಷೇಧಿಸಿವೆ. ಒಂದು ಮಾತು ಕೇಳಿ ತಿಳಿದುಕೊಂಡರೆ ಉಪಾಧ್ಯಾಯಿನಿಯು “ಬೇಡಮ್ಮಾ, ತೆಗೆದುಕೊಂಡು ಹೋಗಿ” ಎನ್ನಬೇಕಾದ ಸಂಕಟ ತಪ್ಪುತ್ತದೆ.

ಎರಡನೆಯದು, ಕಾಲ. ಅಂಕಗಳನ್ನು ಬರೆದು ಮುಗಿಸುವ ಮುನ್ನ ಏನನ್ನೂ ಕೊಡಬಾರದು. ನಮ್ಮ ನಾಡಿನ ಅನೇಕ ಶಾಲೆಗಳಲ್ಲಿ ಏಪ್ರಿಲ್ ೧೦ರ ಸುಮಾರಿಗೆ ಫಲಿತಾಂಶ ತಿಳಿಸುವ ರೂಢಿಯುಂಟು. ಫಲಿತಾಂಶ ಕೈಗೆ ಬಂದ ಮೇಲೆ, ಮಗು ಗೆದ್ದಿರಲಿ ಸೋತಿರಲಿ, ಕೊಡುವ ಕಾಣಿಕೆ ನಿಷ್ಕಳಂಕವಾದುದು. ಕಡಿಮೆ ಅಂಕ ಬಂದ ವರ್ಷ ಕೊಟ್ಟ ಕಾಣಿಕೆಗಂತೂ ಹೆಚ್ಚಿನ ತೂಕವುಂಟು. ವಂದನೆ ಸಲ್ಲುವುದು ಗುರುವಿನ ಶ್ರಮಕ್ಕೇ ಹೊರತು ಅಂಕಕ್ಕಲ್ಲವೆಂಬುದನ್ನು ಮಗು ಅಂದು ಕಲಿಯುತ್ತದೆ.

ಮೂರನೆಯದು, ಮಿತಿ. ನೂರರಿಂದ ಇನ್ನೂರು ರೂಪಾಯಿಗಳ ಒಳಗೆ ಎಂದು ಮೊದಲೇ ಗೆರೆ ಎಳೆದುಕೊಂಡವರು ಅಂಗಡಿಯಲ್ಲಿ ಮರುಳಾಗುವುದಿಲ್ಲ. ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದು, ಒಬ್ಬೊಬ್ಬರಿಗೆ ಐದಾರು ಉಪಾಧ್ಯಾಯರಿದ್ದರೆ ಈ ಗೆರೆಯ ಮಹತ್ತ್ವ ಗೃಹಿಣಿಗೆ ಬೇರೆ ಹೇಳಬೇಕಾಗಿಲ್ಲ.

ಎಲ್ಲಕ್ಕಿಂತ ಮೇಲಾದುದು

ಉಪಾಧ್ಯಾಯರು ಹಲವು ವರ್ಷಗಳ ಕಾಲ ಬೀರುವಿನಲ್ಲಿ ಜೋಪಾನವಾಗಿಡುವ ವಸ್ತುವೊಂದಿದೆ: ಮಗು ಸ್ವಂತ ಕೈಯಿಂದ ಬರೆದ ಪತ್ರ. ಇದಕ್ಕೆ ಬೇಕಾದುದು ಒಂದು ಹಾಳೆ, ಒಂದು ಪೆನ್ಸಿಲು, ಅರ್ಧ ಗಂಟೆಯ ಬಿಡುವು. ಆದರೆ ಹಿರಿಯರು ಹೇಳಿ ಬರೆಯಿಸಿದ ಪತ್ರಕ್ಕೆ ಬೆಲೆಯಿಲ್ಲ. “ತಾವು ನನ್ನ ಬಾಳಿನ ದಾರಿದೀಪ” ಎಂದು ಎರಡನೆಯ ತರಗತಿಯ ಮಗು ಬರೆದರೆ ಅದು ಯಾರ ಮಾತೆಂದು ಗುರುವಿಗೆ ಕೂಡಲೇ ತಿಳಿಯುತ್ತದೆ.

ತಾಯಿಯಾದವಳು ಮಗುವನ್ನು ಮೂರು ಪ್ರಶ್ನೆ ಕೇಳಲಿ: ಈ ವರ್ಷ ಮಿಸ್ಸು ಏನು ಕಲಿಸಿದರು? ಯಾವ ದಿನ ಅವರು ನಿನಗೆ ಬಹಳ ಇಷ್ಟವಾದರು? ರಜದಲ್ಲಿ ಅವರು ಏನು ಮಾಡಲೆಂದು ನಿನಗೆ ಆಸೆ? ಬಂದ ಉತ್ತರಗಳನ್ನು ಮಗು ತನಗೆ ಬಂದಂತೆ ಬರೆಯಲಿ. “ನನಗೆ ಹದಿಮೂರರ ಮಗ್ಗಿ ಬರುತ್ತಿರಲಿಲ್ಲ. ನೀವು ಬೈಯಲಿಲ್ಲ. ಈಗ ಬರುತ್ತದೆ” ಎಂಬ ಮೂರು ಸಾಲು ಸಾಕು. ಒತ್ತಕ್ಷರ ತಪ್ಪಿದ್ದರೆ ತಿದ್ದಬೇಕಾಗಿಲ್ಲ. ವರ್ಷವೆಲ್ಲ ತಿದ್ದಿದವರಿಗೆ ಅದೊಂದು ತಪ್ಪು ನಗು ತರಿಸೀತು. ಬರೆಯಲು ಬಾರದ ಚಿಕ್ಕ ಮಗುವಾದರೆ ಚಿತ್ರ ಬಿಡಿಸಲಿ.

ತಂದೆತಾಯಿಗಳೂ ಬೇರೆಯಾಗಿ ನಾಲ್ಕು ಸಾಲು ಬರೆಯಬಹುದು. ಮಗುವಿನಲ್ಲಿ ಕಂಡ ಬದಲಾವಣೆಯನ್ನು ನಿರ್ದಿಷ್ಟವಾಗಿ ಹೇಳಿ, ಅದರ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೂ ಕಳುಹಿಸಿದರೆ ಅದು ಉಪಾಧ್ಯಾಯಿನಿಯ ಉದ್ಯೋಗಕ್ಕೂ ಉಪಕಾರವಾದೀತು. ದೂರುಗಳೇ ಹೆಚ್ಚಾಗಿ ಬಂದು ಬೀಳುವ ಆ ಮೇಜಿನ ಮೇಲೆ ಒಂದು ಮೆಚ್ಚುಗೆಯ ಕಾಗದವೂ ಇರಲಿ.

ಕಡಿಮೆ ಖರ್ಚಿನ ಆಯ್ಕೆಗಳು

ಪತ್ರದ ಜೊತೆಗೆ ಏನಾದರೂ ಕೊಡಲೇಬೇಕೆಂದು ಮಗುವಿಗೆ ಆಸೆಯಿದ್ದರೆ, ದಿನವೂ ಬಳಕೆಗೆ ಬರುವ ವಸ್ತುವೇ ಲೇಸು.

ದಿನಕ್ಕೆ ಹತ್ತಾರು ಪುಸ್ತಕ ತಿದ್ದುವವರಿಗೆ ಸರಾಗವಾಗಿ ಬರೆಯುವ ಎರಡು ಪೆನ್ನುಗಳು, ಅವುಗಳಲ್ಲಿ ಒಂದು ಕೆಂಪು ಶಾಯಿಯದು, ತುಂಬ ಉಪಯುಕ್ತ. ಮಕ್ಕಳ ಉತ್ತರಪತ್ರಿಕೆಗಳನ್ನು ಮನೆಗೆ ಹೊರುವವರಿಗೆ ಗಟ್ಟಿಯಾದ ಬಟ್ಟೆಯ ಚೀಲ. ಸೀಮೆಸುಣ್ಣದ ಧೂಳಿನಲ್ಲಿ ನಿಲ್ಲುವವರಿಗೆ ಖಾದಿಯ ಕರವಸ್ತ್ರಗಳು. ಸ್ನಾನದ ಸಾಬೂನು ಉಡುಗೊರೆಯಾದೀತೇ ಎಂದು ಹಿಂಜರಿಯುವವರು ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆಯನ್ನು ನೆನೆಯಬಹುದು. ಊರಿಂದೂರಿಗೆ ಹೋಗುವ ಕನ್ನಡಿಗರ ಪೆಟ್ಟಿಗೆಯಲ್ಲಿ ಅದು ಎಷ್ಟೋ ಕಾಲದಿಂದ ಉಡುಗೊರೆಯಾಗಿ ಸಂಚರಿಸಿದೆ.

ಪುಸ್ತಕ ಕೊಡಬಯಸುವವರು ಕನ್ನಡ ಪುಸ್ತಕ ಪ್ರಾಧಿಕಾರ ಮತ್ತು ನ್ಯಾಷನಲ್ ಬುಕ್ ಟ್ರಸ್ಟ್ ಸುಲಭಬೆಲೆಯಲ್ಲಿ ಹೊರತರುವ ಪುಸ್ತಕಗಳನ್ನು ನೋಡಬಹುದು. ಒಳಪುಟದಲ್ಲಿ ಮಗುವಿನ ಹೆಸರು, ತರಗತಿ, ವರ್ಷ ಇವುಗಳನ್ನು ಮಗುವೇ ಬರೆಯಲಿ.

ಮನೆಯಲ್ಲಿ ಮಾಡಿದ್ದು ಇನ್ನೂ ಸೊಗಸು. ಬಿಸಿಲು ಕಾಯುವ ಈ ತಿಂಗಳುಗಳಲ್ಲಿ ಮಹಡಿಗಳ ಮೇಲೆ ಹಪ್ಪಳ ಸಂಡಿಗೆ ಒಣಗುತ್ತಿರುತ್ತವೆ. ಚೆನ್ನಾಗಿ ಒಣಗಿದ ಸಂಡಿಗೆಯನ್ನೋ ಹೊಸದಾಗಿ ಕುಟ್ಟಿದ ಚಟ್ನಿಪುಡಿಯನ್ನೋ ತೇವವಿಲ್ಲದ ಸಣ್ಣ ಡಬ್ಬಿಯಲ್ಲಿ ತುಂಬಿ, ಮಾಡಿದ ದಿನಾಂಕ ಬರೆದು ಕೊಟ್ಟರೆ ಉಪಾಧ್ಯಾಯಿನಿಯ ಮನೆಯವರೆಲ್ಲ ನೆನೆದಾರು. ಸಿಹಿತಿಂಡಿ ಮಾತ್ರ ಬೇಡ. ಎಷ್ಟೋ ಮನೆಗಳಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ.

ಒಂದು ತಿಂಗಳ ಮುಂಚೆಯೇ ಯೋಚಿಸುವವರಿಗೆ ಗಿಡದ ದಾರಿಯುಂಟು. ದೊಡ್ಡಪತ್ರೆಯ ಒಂದು ಎಳೆಯ ಕಡ್ಡಿಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಗು ದಿನವೂ ನೀರು ಹಾಕಿದರೆ ಪರೀಕ್ಷೆ ಮುಗಿಯುವಷ್ಟರಲ್ಲಿ ಅದು ಚಿಗುರಿರುತ್ತದೆ. ಏನೂ ಆಗದಿದ್ದರೆ ಒಂದು ಮೊಳ ಮಲ್ಲಿಗೆ ಇದ್ದೇ ಇದೆ. ಬೇಸಿಗೆ ಮಲ್ಲಿಗೆಯ ಕಾಲವೇ ತಾನೆ!

ಬೇಡವಾದ ವಸ್ತುಗಳೂ ಕೆಲವುಂಟು. ಗೋಡೆಗಡಿಯಾರ, ಗಾಜಿನ ಬೊಂಬೆ, ಹೆಸರು ಅಚ್ಚುಹಾಕಿಸಿದ ಕಾಫಿಲೋಟ ಇವು ಪ್ರತಿಯೊಬ್ಬ ಉಪಾಧ್ಯಾಯರ ಮನೆಯಲ್ಲಿಯೂ ಆಗಲೇ ಸಾಲುಗಟ್ಟಿ ನಿಂತಿವೆ. ಅರಿಶಿನ ಕುಂಕುಮದ ಜೊತೆ ಕೊಟ್ಟ ಕುಪ್ಪಸದ ಖಣವಂತೂ ಹೊಲಿಗೆಯ ಭಾಗ್ಯವನ್ನೇ ಕಾಣದೆ ಮನೆಯಿಂದ ಮನೆಗೆ ದೇಶಸಂಚಾರ ಮಾಡುತ್ತಿರುತ್ತದೆ. ಹಣದ ಲಕೋಟೆ, ಬಂಗಾರ, ಬೆಳ್ಳಿ, ಬೆಲೆಬಾಳುವ ಸೀರೆ ಇವು ಎಂದಿಗೂ ಸಲ್ಲವು.

ಎಲ್ಲರೂ ಸೇರಿ ಕೊಟ್ಟರೆ

ಈಗ ಪ್ರತಿ ತರಗತಿಯ ತಾಯಂದಿರಿಗೂ ಒಂದು ವಾಟ್ಸಾಪ್ ಗುಂಪು ಇದ್ದೇ ಇರುತ್ತದೆ. ಯಾರೋ ಒಬ್ಬರು “ತಲೆಗೆ ಐನೂರು” ಎಂದು ಬರೆಯುತ್ತಾರೆ; ಒಲ್ಲೆನೆನ್ನಲು ಸಂಕೋಚಪಟ್ಟು ಉಳಿದವರು ಒಪ್ಪುತ್ತಾರೆ. ಆ ಐನೂರು ಯಾರ ಮನೆಯ ಹಾಲಿನ ಲೆಕ್ಕವೋ, ಯಾರ ಮನೆಯ ಔಷಧದ ಲೆಕ್ಕವೋ ಗುಂಪಿಗೆ ತಿಳಿಯದು.

ಸೇರಿ ಕೊಡುವುದು ತಪ್ಪಲ್ಲ; ರೀತಿ ಬದಲಾಗಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಇಪ್ಪತ್ತು ರೂಪಾಯಿಯಂತೆ ಸೇರಿಸಿದರೂ ಎಂಟುನೂರಾಗುತ್ತದೆ. ಅದರಲ್ಲಿ ತರಗತಿಯ ಕಪಾಟಿಗೆ ಕೆಲವು ಕಥೆಪುಸ್ತಕಗಳನ್ನು ಉಪಾಧ್ಯಾಯಿನಿಯ ಹೆಸರಿನಲ್ಲಿ ಕೊಟ್ಟರೆ ಮುಂದೆ ಬರುವ ಮಕ್ಕಳಿಗೂ ಲಾಭ. ಕೊಟ್ಟವರ ಪಟ್ಟಿ ಬರೆಯಬಾರದು, ಕೊಡದವರನ್ನು ಕೇಳಬಾರದು. ಇದಕ್ಕಿಂತಲೂ ಚೆಲುವಾದ ಉಪಾಯವೆಂದರೆ, ನಲವತ್ತು ಮಕ್ಕಳೂ ಒಂದೇ ಅಳತೆಯ ಒಂದೊಂದು ಹಾಳೆಯಲ್ಲಿ ಬರೆದು, ಎಲ್ಲವನ್ನೂ ದಾರದಿಂದ ಹೊಲಿದು ಒಂದು ಪುಸ್ತಕ ಮಾಡುವುದು. ಅದರಲ್ಲಿ ಸಿರಿವಂತರ ಮಗುವಿನ ಪುಟವೂ ಕೂಲಿಯವರ ಮಗುವಿನ ಪುಟವೂ ಒಂದೇ ಅಗಲ.

ಮರೆಯಬಾರದವರು

ಕೃತಜ್ಞತೆ ತರಗತಿಯ ಹೊಸ್ತಿಲಲ್ಲಿಯೇ ನಿಲ್ಲಬೇಕಾಗಿಲ್ಲ. ಬಿದ್ದ ಮಗುವಿನ ಮಂಡಿ ತೊಳೆದ ಆಯಾ, ಬಿಸಿಯೂಟ ಬೇಯಿಸಿ ಬಡಿಸಿದ ಅಡುಗೆಯವರು, ವರ್ಷವೆಲ್ಲ ಮಗುವನ್ನು ಸುರಕ್ಷಿತವಾಗಿ ಮನೆಗೆ ತಲುಪಿಸಿದ ವ್ಯಾನಿನ ಚಾಲಕ, ಇವರ ಮನೆಗಳಿಗೆ ಶಿಕ್ಷಕರ ದಿನವೂ ಬರುವುದಿಲ್ಲ, ಗುರುಪೂರ್ಣಿಮೆಯೂ ಬರುವುದಿಲ್ಲ. ಉಪಾಧ್ಯಾಯಿನಿಗೆಂದು ಮೀಸಲಿಟ್ಟ ಇನ್ನೂರರಲ್ಲಿ ಅರ್ಧ ಇವರ ಪಾಲಿಗೆ ಹೋದರೆ ಅದನ್ನು ತಿಳಿದು ಮೊದಲು ಸಂತೋಷಪಡುವವರು ಆ ಉಪಾಧ್ಯಾಯಿನಿಯೇ ಆಗಿರುತ್ತಾರೆ.

ಕೊಡುವ ದಿನ ಮಗುವೇ ಮುಂದೆ ಹೋಗಿ ಕೊಡಲಿ. ತಾಯಿ ಎರಡು ಹೆಜ್ಜೆ ಹಿಂದೆ ನಿಲ್ಲಲಿ. ಹಳೆಯ ಕ್ಯಾಲೆಂಡರಿನ ಹಾಳೆಯಲ್ಲಿ ಸುತ್ತಿದ ಪೊಟ್ಟಣವಾದರೂ ಆದೀತು. ಮಗು ಎರಡು ಕೈಯಿಂದ ಅದನ್ನು ನೀಡಿ, ನಮಸ್ಕಾರ ಮಾಡಿ, “ನಾನು ಹೋಗಿ ಬರುತ್ತೇನೆ, ಮಿಸ್” ಎಂದರೆ ಆ ವರ್ಷದ ಪಾಠ ಪೂರ್ತಿಯಾದಂತೆ.