ಬೇರಿಂಗ್ ಬಿಡಿಸುವುದು ಬಲದ ಕೆಲಸವೇ?

ಮಳೆಗಾಲ ಮುಗಿಯುತ್ತಿದ್ದಂತೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆ ಬೈಕಿನ ಚಕ್ರಗಳಲ್ಲಿ ಗರಗರ ಸದ್ದು ಶುರುವಾಗುತ್ತದೆ. ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ತೋಟದ ದಾರಿಯ ಕೆಸರು, ತೋಡು ದಾಟುವಾಗಿನ ನೀರು, ಸಾಲದ್ದಕ್ಕೆ ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು. ಆಯಿಲ್ ಸೀಲ್ ಸವೆದಿದ್ದರೆ ಎಲ್ಲವೂ ಹೋಗಿ ಸೇರುವುದು ಬೇರಿಂಗಿಗೆ. ಅದನ್ನು ಬದಲಿಸುವ ಕೆಲಸ ಮನೆಯ ಅಂಗಳದಲ್ಲೇ ಆಗುತ್ತದೆ. ಆದರೆ ಹಳೆಯ ಕೆಲವು ನಂಬಿಕೆಗಳಿಂದಾಗಿ ಇನ್ನೂರು ಮುನ್ನೂರರಲ್ಲಿ ಮುಗಿಯಬೇಕಾದ ಕೆಲಸಕ್ಕೆ ಹಬ್ಬೇ ಬಲಿಯಾಗುವುದುಂಟು.

ತಪ್ಪು ಕಲ್ಪನೆ: ಬೇರಿಂಗ್ ಬರದಿದ್ದರೆ ಇನ್ನೂ ಜೋರಾಗಿ ಹೊಡೆಯಬೇಕು.

ಸತ್ಯ: ಮೊದಲು ಆಯಿಲ್ ಸೀಲ್ ತೆಗೆದು ಒಳಗೆ ನೋಡಿ. ಕೆಲವು ಬೈಕುಗಳಲ್ಲಿ ಕೆಸರು, ಗ್ರೀಸಿನ ಅಡಿಯಲ್ಲಿ ಸರ್ಕ್ಲಿಪ್ ಅಡಗಿರುತ್ತದೆ. ಅದನ್ನು ತೆಗೆಯದೆ ಎಷ್ಟು ಬಡಿದರೂ ಒಡೆಯುವುದು ಹಬ್. ಸರ್ಕ್ಲಿಪ್ ಇಲ್ಲದಿದ್ದರೆ ಬೇರಿಂಗನ್ನು ಹಿಡಿದಿರುವುದು ಅಳತೆಯೊಂದೇ. ಅದರ ಹೊರಬಳೆ (ಔಟರ್) ತಾನು ಕೂರುವ ಗುಂಡಿಗಿಂತ ಮಿಲಿಮೀಟರಿನ ನೂರನೇ ಒಂದೆರಡು ಭಾಗದಷ್ಟು ದೊಡ್ಡದಿರುತ್ತದೆ. ಇಷ್ಟು ಬಿಗಿಯಾಗಿ ಕೂತದ್ದು ನೇರ ಸರಿದರಷ್ಟೇ ಸಲೀಸಾಗಿ ಬರುತ್ತದೆ. ಒಂದೇ ಬದಿಗೆ ಏಟು ಬಿದ್ದರೆ ಓರೆಯಾಗಿ ಸಿಕ್ಕಿಕೊಂಡು, ಮುಂದಿನ ಪ್ರತಿ ಏಟಿಗೂ ಅಲ್ಯೂಮಿನಿಯಂ ಕೆರೆದುಹೋಗುತ್ತದೆ. ಎರಡು ಬೇರಿಂಗುಗಳ ನಡುವಿನ ಸ್ಪೇಸರನ್ನು ತುಸು ಪಕ್ಕಕ್ಕೆ ಸರಿಸಿ, ಉದ್ದನೆಯ ಪಂಚನ್ನು ಆಚೆ ಬದಿಯ ಬೇರಿಂಗಿನ ಒಳಬಳೆಯ (ಇನ್ನರ್) ಅಂಚಿಗೆ ಇಟ್ಟು, ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಎಂದು ಜಾಗ ಬದಲಿಸುತ್ತಾ ಸಣ್ಣ ಏಟು ಕೊಡಿ.

ತಪ್ಪು ಕಲ್ಪನೆ: ಹಬ್ಬನ್ನು ಬಿಸಿ ಮಾಡಿದರೆ ಲೋಹ ಒಳಕ್ಕೂ ಹಿಗ್ಗಿ ತೂತು ಕಿರಿದಾಗುತ್ತದೆ.

ಸತ್ಯ: ತೂತೂ ಹಿಗ್ಗುತ್ತದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದ ಕಮ್ಮಾರರಿಗೆ ಇದು ಗೊತ್ತಿತ್ತು. ಪಟ್ಟಿಯನ್ನು ಕಾಯಿಸಿ ಹಿಗ್ಗಿಸಿ ಕೂರಿಸಿದರೆ, ತಣಿದ ಮೇಲೆ ಅದೇ ಚಕ್ರವನ್ನು ಬಿಗಿದು ಹಿಡಿಯುತ್ತಿತ್ತು. ಅಲ್ಯೂಮಿನಿಯಂ ಅಂತೂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತದೆ. 6301 ನಂಬರಿನ ಬೇರಿಂಗಿನ ಹೊರ ಅಳತೆ 37 ಮಿ.ಮೀ. ಹಬ್ಬನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಿದರೆ ಗುಂಡಿ ಸುಮಾರು 0.06 ಮಿ.ಮೀ. ಹಿಗ್ಗುತ್ತದೆ. ಬೇರಿಂಗೂ ಅಷ್ಟೇ ಕಾದರೂ ಅದು ಹಿಗ್ಗುವುದು 0.03 ಮಾತ್ರ. ಬಿಗಿತ ಸಡಿಲವಾಗಲು ಈ ವ್ಯತ್ಯಾಸ ಸಾಕು.

ತಪ್ಪು ಕಲ್ಪನೆ: ಬಿಸಿ ಎಂದರೆ ಗ್ಯಾಸ್ ವೆಲ್ಡಿಂಗಿನ ಬೆಂಕಿಯೇ ಆಗಬೇಕು.

ಸತ್ಯ: ಉಕ್ಕು ಕಾದರೆ ಕೆಂಪಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಹಗಲಿನಲ್ಲಿ ಬಣ್ಣ ತೋರಿಸದೆಯೇ ಕರಗಿಬಿಡಬಹುದು. ಕರಗುವ ಬಹಳ ಮೊದಲೇ ಅದರ ಗಟ್ಟಿತನ ಹೋಗಿರುತ್ತದೆ. ಬಚ್ಚಲೊಲೆಯಲ್ಲಿ ಕುದಿಸಿದ ನೀರೇ ಇಲ್ಲಿ ಒಳ್ಳೆಯ ಉಪಕರಣ, ಏಕೆಂದರೆ ಅದು 100 ಡಿಗ್ರಿ ದಾಟುವುದಿಲ್ಲ. ಬ್ರೇಕ್ ಶೂ ಇರುವ ಪ್ಲೇಟನ್ನು ತೆಗೆದಿಟ್ಟು, ಹಬ್ಬಿಗೆ ಗೋಣಿತಟ್ಟು ಸುತ್ತಿ, ಕುದಿನೀರನ್ನು ನಿಧಾನವಾಗಿ ಹೊಯ್ಯಿರಿ. ಕೈಗೆ ದಪ್ಪ ಗ್ಲೌಸ್ ಇರಲಿ. ಹಬ್ ತಣಿಯುವುದರೊಳಗೆ ಪಂಚ್ ಹಿಡಿಯಿರಿ.

ತಪ್ಪು ಕಲ್ಪನೆ: ರಾತ್ರಿಯಿಡೀ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ನೆನೆಸಿದರೆ ತಾನಾಗಿ ಸಡಿಲವಾಗುತ್ತದೆ.

ಸತ್ಯ: ಎಣ್ಣೆ ತುಕ್ಕಿನ ಸಂದಿಗೆ ಇಳಿಯುತ್ತದೆ. ನಮ್ಮೂರಿನ ಮಳೆಗೆ ತುಕ್ಕು ಹಿಡಿದ ಹಬ್ಬುಗಳಲ್ಲಿ ಅಷ್ಟರ ಮಟ್ಟಿಗೆ ಅದು ಉಪಯೋಗಿಯೇ. ಆದರೆ ಅಳತೆಯ ಬಿಗಿತವನ್ನು ಯಾವ ಎಣ್ಣೆಯೂ ಕಡಿಮೆ ಮಾಡದು. ಹನಿ ಎಣ್ಣೆ ಬ್ರೇಕ್ ಡ್ರಮ್ಮಿಗೆ ತಾಗಿದರೂ ಘಾಟಿಯ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟೀತು. ಎಣ್ಣೆ ಹಾಕಿದ ಹಬ್ಬಿನ ಹತ್ತಿರ ಬೆಂಕಿ ತರಲೇಬೇಡಿ.

ತಪ್ಪು ಕಲ್ಪನೆ: ತೆಗೆದ ಬೇರಿಂಗ್ ಸರಾಗ ತಿರುಗಿದರೆ ಮತ್ತೆ ಹಾಕಬಹುದು.

ಸತ್ಯ: ಇನ್ನರ್‌ಗೆ ಕೊಟ್ಟ ಏಟು ಬಾಲ್‌ಗಳ ಮೂಲಕವೇ ಔಟರ್‌ಗೆ ತಲುಪುತ್ತದೆ. ಬಾಲ್ ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಗುಳಿ ಬಿದ್ದಿರುತ್ತದೆ; ಕೈಯಲ್ಲಿ ತಿರುಗಿಸಿದಾಗ ತಿಳಿಯದ ಈ ದೋಷ ಬೈಕಿನ ಭಾರ ಬಿದ್ದಾಗ ಸದ್ದು ಮಾಡುತ್ತದೆ. ಹೊಸದನ್ನು ಕೂರಿಸುವಾಗಲೂ ಇದೇ ಲೆಕ್ಕ. ಹಬ್ಬಿನಲ್ಲಿ ಬಿಗಿಯಾಗುವುದು ಔಟರ್, ಆದ್ದರಿಂದ ಒತ್ತಬೇಕಾದದ್ದೂ ಔಟರನ್ನೇ. ಅದೇ ಅಳತೆಯ ಸಾಕೆಟ್ ಒಂದನ್ನು ಅಡ್ಡ ಹಿಡಿದರೆ ಆಯಿತು. ಬೇರಿಂಗನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಕೆಲವು ಗಂಟೆ ಫ್ರೀಜರಿನಲ್ಲಿಟ್ಟು, ಬಿಸಿ ಹಬ್ಬಿಗೆ ಇಳಿಸಿದರೆ ಬಹುಪಾಲು ಸುತ್ತಿಗೆಯ ಕೆಲಸವೇ ಉಳಿಯದು.

ತಪ್ಪು ಕಲ್ಪನೆ: ಸ್ವಿಂಗ್ ಆರ್ಮಿನ ಬುಷ್ ತೆಗೆಯಲು ರಬ್ಬರನ್ನು ಸುಡಲೇಬೇಕು.

ಸತ್ಯ: ಸುಟ್ಟರೆ ವಿಷದ ಹೊಗೆ ಬರುತ್ತದೆ, ಪೈಂಟ್ ಹೋಗುತ್ತದೆ, ಹೊರಗಿನ ಉಕ್ಕಿನ ಬಳೆ ಅಲ್ಲೇ ಉಳಿಯುತ್ತದೆ. ಒಂದು ಉದ್ದ ಬೋಲ್ಟ್, ನಟ್, ದಪ್ಪ ವಾಷರು, ಬುಷ್ ಒಳಗೆ ಇಳಿಯುವಷ್ಟು ದೊಡ್ಡ ಪೈಪಿನ ತುಂಡು ಒಂದು ಬದಿಗೆ, ಬುಷ್‌ಗಿಂತ ತುಸು ಸಣ್ಣ ಸಾಕೆಟ್ ಇನ್ನೊಂದು ಬದಿಗೆ: ಇಷ್ಟಿದ್ದರೆ ಪುಲ್ಲರ್ ತಯಾರು. ನಟ್ ಬಿಗಿದಂತೆ ಬುಷ್ ನೇರವಾಗಿ ಪೈಪಿನೊಳಗೆ ಬರುತ್ತದೆ. ಬರೀ ಬಳೆ ಉಳಿದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಸೀಳಿ; ಬಿಗಿತ ಹೋಗುತ್ತದೆ.

ತಪ್ಪು ಕಲ್ಪನೆ: ಹಬ್ ಬಿಚ್ಚಿದವನು ಇಂಜಿನ್ನನ್ನೂ ಬಿಚ್ಚಬಲ್ಲ.

ಸತ್ಯ: ಇಂಜಿನ್ನಿನ ಮ್ಯಾಗ್ನೆಟ್ ಬೇರಿಂಗಿನಂತೆ ಅಳತೆಯ ಬಿಗಿತದಲ್ಲಿ (ಪ್ರೆಸ್ ಫಿಟ್) ಕೂತದ್ದಲ್ಲವೇ ಅಲ್ಲ, ಅದು ಟೇಪರ್ ಶಾಫ್ಟಿನ ಮೇಲೆ ಕೂತಿರುತ್ತದೆ. ಆ ಮಾಡೆಲ್ಲಿನ ಥ್ರೆಡ್ಡಿಗೆ ಹೊಂದುವ ಪುಲ್ಲರ್ ಹಾಕಿದರೆ ಬರುತ್ತದೆ. ಹೊಡೆದರೆ ಮ್ಯಾಗ್ನೆಟ್ ಸೀಳುತ್ತದೆ, ಕ್ರ್ಯಾಂಕ್ ಬಾಗುತ್ತದೆ. 1996ರವರೆಗೆ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇರಲಿ, ಯಮಹಾ ಆರ್‌ಎಕ್ಸ್ 100 ಇರಲಿ, ಅವುಗಳ ಕ್ರ್ಯಾಂಕ್ ಪಿನ್ ಟನ್‌ಗಟ್ಟಲೆ ಒತ್ತಡದಲ್ಲಿ ಕೂರಿಸಿದ್ದು. ಅದನ್ನು ಬಿಡಿಸಿ ಮತ್ತೆ ಸೇರಿಸಲು ಹೈಡ್ರಾಲಿಕ್ ಪ್ರೆಸ್ ಇರುವ ಲೇತ್ ವರ್ಕ್‌ಶಾಪಿಗೇ ಹೋಗಬೇಕು. ಅಲ್ಲಿ ಪ್ರೆಸ್ ಇದೆಯೇ ಎಂದು ಮಾತ್ರ ಕೇಳಬೇಡಿ, ಸೇರಿಸಿದ ಮೇಲೆ ಡಯಲ್ ಗೇಜ್ ಇಟ್ಟು ಕ್ರ್ಯಾಂಕಿನ ಓಲಾಟ (ಔಟ್) ನೋಡಿ ಕೊಡುತ್ತಾರೆಯೇ ಎಂದೂ ಕೇಳಿ.