‘ಮ್ಯಾಚ್ ಮುಗಿಯಲಿ, ಆಮೇಲೆ ಆಸ್ಪತ್ರೆಗೆ ಹೋಗೋಣ’ ಅಂತೀರಾ? ಮಕ್ಕಳ ವಿಷಯದಲ್ಲಿ ಈ ತಪ್ಪು ಬೇಡ!

ಕೊಚ್ಚಿ: ವಿಶ್ವಕಪ್ ಫುಟ್‌ಬಾಲ್ ಬಂತೆಂದರೆ ಕೇರಳದ ಬೀದಿ ಬೀದಿಗಳಲ್ಲಿ ಅರ್ಜೆಂಟೀನಾ, ಬ್ರೆಜಿಲ್ ಬಾವುಟಗಳು ಹಾರುತ್ತವೆ. ಕರ್ನಾಟಕದಲ್ಲಿ ಐಪಿಎಲ್ ಫೈನಲ್ ಎಂದರೆ ಹಬ್ಬ. ಇಂಥ ದಿನಗಳಲ್ಲಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಲೆಕ್ಕವೂ ಏರುಪೇರಾಗಬಹುದು. ಮಕ್ಕಳ ಮಟ್ಟಿಗೆ ಇದರ ಅರ್ಥವೇನು? ಇಲ್ಲಿದೆ ಮಾಹಿತಿ.

ಟಿವಿ ಮುಂದೆ ಜನ, ಆಸ್ಪತ್ರೆಯಲ್ಲಿ ಇಳಿಕೆ

ಅಮೆರಿಕದ ಬೋಸ್ಟನ್ ರೆಡ್ ಸಾಕ್ಸ್ ತಂಡ 2004ರಲ್ಲಿ 86 ವರ್ಷಗಳ ಬಳಿಕ ಬೇಸ್‌ಬಾಲ್ ಪ್ರಶಸ್ತಿ ಗೆದ್ದಿತು. ಆ ಪಂದ್ಯಗಳ ವೇಳೆ ಬೋಸ್ಟನ್ ಭಾಗದ ಆಸ್ಪತ್ರೆಗಳ ಅಂಕಿಅಂಶ ಪರಿಶೀಲಿಸಿದ ಸಂಶೋಧಕರಿಗೆ, ಟಿವಿ ವೀಕ್ಷಕರು ಹೆಚ್ಚಿದಷ್ಟೂ ತುರ್ತು ವಿಭಾಗಕ್ಕೆ ಬರುವವರು ಕಡಿಮೆಯಾಗಿದ್ದು ಕಂಡುಬಂತು.

ಮಕ್ಕಳಿಗೆ ಸಂಬಂಧಿಸಿದ ಇನ್ನೊಂದು ಲೆಕ್ಕ ಆಟದ್ದಲ್ಲ, ಪುಸ್ತಕದ್ದು. 2003 ಮತ್ತು 2005ರಲ್ಲಿ ಹ್ಯಾರಿ ಪಾಟರ್ ಪುಸ್ತಕಗಳು ಬಿಡುಗಡೆಯಾದ ವಾರಾಂತ್ಯಗಳಲ್ಲಿ ಆಕ್ಸ್‌ಫರ್ಡ್‌ನ ಜಾನ್ ರಾಡ್‌ಕ್ಲಿಫ್ ಆಸ್ಪತ್ರೆಗೆ ಮೂಳೆ, ಸ್ನಾಯು ಗಾಯಗಳೊಂದಿಗೆ ಬಂದ 7ರಿಂದ 15 ವರ್ಷದ ಮಕ್ಕಳು 36 ಮತ್ತು 37 ಮಾತ್ರ. ಉಳಿದ ವಾರಾಂತ್ಯಗಳ ಸರಾಸರಿ 67!

ಇಳಿಕೆ ಒಳ್ಳೆಯದೇ?

ಮಕ್ಕಳು ಮನೆಯೊಳಗೆ ಕೂತರೆ ಬಿದ್ದು ಗಾಯವಾಗುವುದು ತಪ್ಪುತ್ತದೆ, ಅದು ಒಳ್ಳೆಯದೇ. ಆದರೆ ಜ್ವರ, ಉಬ್ಬಸ, ಫಿಟ್ಸ್ ಮ್ಯಾಚ್ ನೋಡಿಕೊಂಡು ಬರುವುದಿಲ್ಲ. ದೊಡ್ಡವರು ‘ಇನ್ನೊಂದು ಗಂಟೆ ನೋಡೋಣ’ ಎಂದು ಕಾದರೆ ಅಪಾಯ ಮಗುವಿಗೆ.

ಸಂಭ್ರಮವೇ ಕುತ್ತಾದಾಗ

2022ರ ಡಿಸೆಂಬರ್ 18ರಂದು ವಿಶ್ವಕಪ್ ಫೈನಲ್ ಬಳಿಕ ಕೊಲ್ಲಂನಲ್ಲಿ ಸಂಭ್ರಮಾಚರಣೆ ವೇಳೆ 17 ವರ್ಷದ ಬಾಲಕ ಕುಸಿದು ಮೃತಪಟ್ಟ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಆರ್‌ಸಿಬಿ ವಿಜಯೋತ್ಸವದ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹದಿಹರೆಯದವರೂ ಇದ್ದರು. ನೂಕುನುಗ್ಗಲಿನಲ್ಲಿ ದೊಡ್ಡವರ ಎದೆಮಟ್ಟಕ್ಕೆ ಬರುವ ಮಕ್ಕಳಿಗೆ ಉಸಿರಾಡಲೂ ಜಾಗ ಇರುವುದಿಲ್ಲ.

ದಾರಿಯೂ ಮುಖ್ಯ

ಕೊಚ್ಚಿಯ ವಲ್ಲಾರ್ಪಾಡಂ ದ್ವೀಪದವರು ಎರ್ನಾಕುಳಂ ನಗರ ತಲುಪಲು ಗೋಶ್ರೀ ಸೇತುವೆ ದಾಟಬೇಕು. ಕಲೂರು ಕ್ರೀಡಾಂಗಣದಲ್ಲಿ ಪಂದ್ಯವಿದ್ದ ದಿನ ನಗರದಲ್ಲಿ ಟ್ರಾಫಿಕ್ ಬೇರೆ. ತಿರುವನಂತಪುರವಾಗಲಿ, ಬೆಂಗಳೂರಾಗಲಿ, ಪಂದ್ಯದ ದಿನ ಆಸ್ಪತ್ರೆಗೆ ಹೋಗುವ ಬದಲಿ ದಾರಿ ಮೊದಲೇ ತಿಳಿದಿರಲಿ.

ಯಾವಾಗ ಕಾಯಬಾರದು?

* 3 ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ ಇದ್ದರೆ
* ಉಸಿರಾಡಲು ಕಷ್ಟಪಡುತ್ತಿದ್ದರೆ, ತುಟಿ ನೀಲಿಗಟ್ಟಿದರೆ
* ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ
* ತಲೆಗೆ ಪೆಟ್ಟು ಬಿದ್ದ ಮೇಲೆ ಪದೇ ಪದೇ ವಾಂತಿಯಾದರೆ

ಇಂಥ ಸಂದರ್ಭದಲ್ಲಿ ಕೂಡಲೇ 108ಕ್ಕೆ ಕರೆ ಮಾಡಿ. ಕೇರಳ, ಕರ್ನಾಟಕ ಎರಡೂ ಕಡೆ ಇದೇ ಸಂಖ್ಯೆ. ಗೋಲನ್ನು ಹೈಲೈಟ್ಸ್‌ನಲ್ಲೂ ನೋಡಬಹುದು.